ಸರ್ವೆ, ಸಂದರ್ಶನ, ದಾಖಲೆ, ಪ್ರಯೋಗ: ನಿಮ್ಮ ಸಂಶೋಧನೆಗೆ ಯಾವುದು ಸರಿ?

ಹಾಸನದ ಮೆಡಿಕಲ್ ಕಾಲೇಜಿನಲ್ಲಿ ಎಂ.ಡಿ. ಮಾಡುವವರು, ಅದೇ ಊರಿನ ಹೇಮಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಸ್ನಾತಕೋತ್ತರ ಓದುವವರು, ಚಿಕ್ಕಮಗಳೂರಿನಲ್ಲಿ ಎಂಬಿಎ ಪ್ರಾಜೆಕ್ಟ್‌ಗೆ ಕೂತವರು. ಇವರ ವಿಷಯಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಒಬ್ಬರದು ಹೃದ್ರೋಗ. ಇನ್ನೊಬ್ಬರದು ಪಂಚಾಯಿತಿ ಅಧ್ಯಕ್ಷೆಯರ ನಾಯಕತ್ವ. ಮತ್ತೊಬ್ಬರದು ಕಾಫಿ ಪುಡಿ ಕೊಳ್ಳುವ ಗಿರಾಕಿ ಏನು ನೋಡಿ ಕೊಳ್ಳುತ್ತಾನೆ ಅನ್ನೋದು. ಆದರೆ ಸಿನಾಪ್ಸಿಸ್, ಅಂದರೆ ಸಂಶೋಧನೆಯ ಯೋಜನೆ ಬರೆಯುವಾಗ ಮೂವರ ಮುಂದೆಯೂ ನಿಲ್ಲುವ ಆಯ್ಕೆ ಒಂದೇ: ಮಾಹಿತಿಯನ್ನು ಹೇಗೆ ತರುವುದು? ಹಳೆಯ ದಾಖಲೆ ನೋಡುವುದಾ, ಪ್ರಶ್ನಾವಳಿ ಹಂಚುವುದಾ, ಕೂತು ಮಾತಾಡಿಸುವುದಾ, ಇಲ್ಲಾ ಪ್ರಯೋಗ ಮಾಡುವುದಾ?

ಬಹಳ ಜನ ಈ ಆಯ್ಕೆಯನ್ನು ಯೋಚಿಸಿ ಮಾಡುವುದಿಲ್ಲ. ಸೀನಿಯರ್ ಏನು ಮಾಡಿದ್ದರೋ ಅದನ್ನೇ ಮಾಡುತ್ತಾರೆ. ಅದು ಸಾಮಾನ್ಯವಾಗಿ ಒಂದು ಗೂಗಲ್ ಫಾರ್ಮ್ ಆಗಿರುತ್ತದೆ. ನನ್ನ ಮಾತು ಇಷ್ಟೇ: ವಿಧಾನವನ್ನು ಆರಿಸಬೇಕಾದದ್ದು ನಿಮ್ಮ ಪ್ರಶ್ನೆ. ನಿಮ್ಮ ಅನುಕೂಲ ಆಮೇಲಿನದು.

ಆದ್ದರಿಂದ ಮೊದಲು ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. ಅದರ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲೇಬೇಕು. 'ಹಾಸನ ಜಿಲ್ಲೆಯಲ್ಲಿ ನಾಯಕತ್ವದ ಒಂದು ಅಧ್ಯಯನ' ಅನ್ನುವುದು ಪ್ರಶ್ನೆ ಅಲ್ಲ. ಎಷ್ಟು ಜನಕ್ಕೆ ಇದೆ? ಇದಕ್ಕೂ ಅದಕ್ಕೂ ನಂಟಿದೆಯಾ? ಜನ ಯಾಕೆ ಹೀಗೆ ಮಾಡುತ್ತಾರೆ? ಇದನ್ನು ಬದಲಿಸಿದರೆ ಅದು ಬದಲಾಗುತ್ತದಾ? ನಿಮ್ಮದು ಇವುಗಳಲ್ಲಿ ಯಾವ ಜಾತಿಯ ಪ್ರಶ್ನೆ ಅಂತ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ದಾಖಲೆ ನೋಡುವ ಅಧ್ಯಯನ

ಇದು ಅಗ್ಗ. ಬೇಗ ಮುಗಿಯುತ್ತದೆ. ಆಸ್ಪತ್ರೆಯ ಎಂಆರ್‌ಡಿಯಲ್ಲಿ (ರೋಗಿಗಳ ದಾಖಲೆ ಇಡುವ ವಿಭಾಗ) ಕೂತು ಕೇಸ್ ಶೀಟ್ ನೋಡುವುದು, ಪಂಚಾಯಿತಿಯಲ್ಲಿ ನಡಾವಳಿ ಪುಸ್ತಕ ತಿರುವುವುದು, ಅಂಗಡಿಯಲ್ಲಿ ಬಿಲ್ ಲೆಕ್ಕ ಹಾಕುವುದು, ಎಲ್ಲವೂ ಇದೇ ಗುಂಪಿಗೆ ಸೇರುತ್ತವೆ. ವಿರಳ ಕಾಯಿಲೆಯಾದರೆ ಇದು ಬಿಟ್ಟರೆ ದಾರಿ ಕಡಿಮೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಕೊಪ್ಪ, ನರಸಿಂಹರಾಜಪುರದ ಕಡೆಯೂ ಕಾಣಿಸಿಕೊಳ್ಳುತ್ತದೆ. ಅದು ಯಾವ ತಿಂಗಳಲ್ಲಿ ಏರುತ್ತದೆ, ಯಾವ ಊರಿನಲ್ಲಿ ಮರುಕಳಿಸುತ್ತದೆ ಅನ್ನುವುದು ವರ್ಷಗಳ ದಾಖಲೆಯಲ್ಲಿ ಸಿಗುತ್ತದೆ. ಮನೆಮನೆಗೆ ಹೋಗಿ ಸರ್ವೆ ಮಾಡಿದರೆ ಸಿಗುವುದು ಕಷ್ಟ.

ದಾಖಲೆಯ ಅಪಾಯ ಏನು ಅಂತ ಹಾಸನದವರಿಗೆ ಬೇರೆ ಉದಾಹರಣೆ ಬೇಕಿಲ್ಲ. 2025ರ ಜೂನ್‌ನಲ್ಲಿ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮನೆಮನೆಯಲ್ಲಿ ಭಯ ಹುಟ್ಟಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗ್ಗೆಯೇ ಸಾಲು ನಿಂತಿತು. ಸರ್ಕಾರ ತಜ್ಞರಿಂದ ಅಧ್ಯಯನ ಮಾಡಿಸಿತು. ಅವರು 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಅದರಲ್ಲಿ ನಾಲ್ಕಕ್ಕೆ ಕಾರಣ ಹೃದಯವೇ ಆಗಿರಲಿಲ್ಲ. ಅಸಹಜ ಏರಿಕೆ ಆಗಿಲ್ಲ ಎಂದು ವರದಿ ಹೇಳಿತು.

ಪ್ರತಿ ಸಾವೂ ಒಂದು ಮನೆಯ ನೋವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಶೋಧನೆ ಮಾಡುವವರು ಇಲ್ಲಿ ಮೂರು ವಿಷಯ ಗಮನಿಸಬೇಕು. ಒಂದು, ಸಾವಿನ ಎಣಿಕೆ ಒಂದೇ ಸಾಲದು. ಅದೇ ಜಿಲ್ಲೆಯಲ್ಲಿ ಹಿಂದಿನ ವರ್ಷ ಅದೇ ತಿಂಗಳಲ್ಲಿ ಎಷ್ಟಿತ್ತು, ಆ ವಯಸ್ಸಿನವರು ಒಟ್ಟು ಎಷ್ಟು ಜನ ಇದ್ದಾರೆ ಅನ್ನುವುದೂ ಬೇಕು. ಎರಡು, 'ಹೃದಯಾಘಾತ' ಅಂತ ಬರೆದದ್ದೆಲ್ಲ ಹೃದಯಾಘಾತ ಆಗಿರುವುದಿಲ್ಲ. ಯಾರು ಬರೆದರು, ಇಸಿಜಿ ಇತ್ತಾ, ಮರಣೋತ್ತರ ಪರೀಕ್ಷೆ ಆಗಿತ್ತಾ? ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಸುದ್ದಿ ಹಬ್ಬಿದ ಮೇಲೆ ಜಾಸ್ತಿ ಜನ ತಪಾಸಣೆಗೆ ಬರುತ್ತಾರೆ, ಹಾಗಾಗಿ ಜಾಸ್ತಿ ಕಾಯಿಲೆ ಸಿಗುತ್ತದೆ. ಆ ಜುಲೈ ತಿಂಗಳ ಹೊರರೋಗಿಗಳ ಪುಸ್ತಕ ನೋಡಿ 'ಕಾಯಿಲೆ ಏರಿದೆ' ಅಂತ ಬರೆದರೆ ಅದು ತಪ್ಪಾಗುತ್ತದೆ. ಅಲ್ಲಿ ಏರಿದ್ದು ತಪಾಸಣೆ.

ಇನ್ನೊಂದು ದಾರಿಯನ್ನು ನಮ್ಮ ವಿದ್ಯಾರ್ಥಿಗಳು ಅಷ್ಟಾಗಿ ಬಳಸುವುದಿಲ್ಲ. ಸರ್ಕಾರವೇ ಸಂಗ್ರಹಿಸಿಟ್ಟ ಮಾಹಿತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019–21ರಲ್ಲಿ ನಡೆಯಿತು. ಅದರಲ್ಲಿ ಹಾಸನಕ್ಕೂ ಚಿಕ್ಕಮಗಳೂರಿಗೂ ಪ್ರತ್ಯೇಕ ಪಟ್ಟಿ ಇದೆ. ರಕ್ತದೊತ್ತಡ, ಸಕ್ಕರೆ ಪ್ರಮಾಣದ ಅಂಕಿಯೂ ಇದೆ. ಕುಟುಂಬಗಳು ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತವೆ ಅನ್ನುವ 2022–23ರ ಸಮೀಕ್ಷೆಯ ಕಚ್ಚಾ ಮಾಹಿತಿ ಉಚಿತವಾಗಿ ಸಿಗುತ್ತದೆ. ಗ್ರಾಹಕರ ಬಗ್ಗೆ ಎಂ.ಕಾಂ. ಪ್ರಬಂಧ ಬರೆಯುವವರಿಗೆ ಇದು ದೊಡ್ಡ ಗಣಿ. ಕಾಲೇಜಿನ ಗೇಟಿನ ಮುಂದೆ ನೂರು ಜನರನ್ನು ನಿಲ್ಲಿಸಿ ಕೇಳುವುದಕ್ಕಿಂತ ಇದರಲ್ಲಿ ತೂಕ ಜಾಸ್ತಿ.

ಕಾಯಿಲೆ ಇದ್ದವರು, ಇಲ್ಲದವರು

ವೈದ್ಯಕೀಯದಲ್ಲಿ 'ನಂಟಿದೆಯಾ' ಅನ್ನುವ ಪ್ರಶ್ನೆಗೆ ಕೇಸ್–ಕಂಟ್ರೋಲ್ ಅಧ್ಯಯನ ಒಳ್ಳೆಯ ಆಯ್ಕೆ. ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ತೆಗೆದುಕೊಂಡು ಹಿಂದಿನ ಅಭ್ಯಾಸ ಕೇಳುವುದು. 1950ರಲ್ಲಿ ಡಾಲ್ ಮತ್ತು ಹಿಲ್ ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ 709 ಜನರನ್ನು, ಇಲ್ಲದ 709 ಜನರನ್ನು ಹೀಗೆ ಹೋಲಿಸಿದರು. ಸಿಗರೇಟಿಗೂ ಕ್ಯಾನ್ಸರಿಗೂ ಇರುವ ನಂಟು ಗಟ್ಟಿಯಾಗಿ ಕಂಡದ್ದು ಇಂಥ ಕೆಲಸದಿಂದ.

ಇಲ್ಲಿ ಸೋಲು–ಗೆಲುವು ನಿರ್ಧಾರವಾಗುವುದು ಕಾಯಿಲೆ ಇಲ್ಲದವರನ್ನು ಎಲ್ಲಿಂದ ತರುತ್ತೀರಿ ಅನ್ನುವುದರ ಮೇಲೆ. ಆಟೊ, ಟ್ಯಾಕ್ಸಿ ಓಡಿಸುವವರಿಗೆ ಹೃದ್ರೋಗ ಜಾಸ್ತಿಯಾ ಅಂತ ನೋಡಬೇಕು ಅಂದುಕೊಳ್ಳಿ. ಹೃದಯದ ವಾರ್ಡಿನಿಂದ ರೋಗಿಗಳನ್ನು ತೆಗೆದುಕೊಂಡಿರಿ. ಹೋಲಿಕೆಗೆ ಪಕ್ಕದ ಮೂಳೆ ವಾರ್ಡಿಗೆ ಹೋದಿರಿ. ಅಲ್ಲಿ ಅಪಘಾತವಾದ ಚಾಲಕರೇ ತುಂಬಿರಬಹುದು ಅಲ್ವಾ? ಆಗ ನಿಜವಾಗಿ ನಂಟಿದ್ದರೂ ನಿಮ್ಮ ಲೆಕ್ಕದಲ್ಲಿ ಅಳಿಸಿಹೋಗುತ್ತದೆ. ಅದೇ ಊರಿನ, ಅದೇ ವಯಸ್ಸಿನ ನೆರೆಹೊರೆಯವರನ್ನು ಹುಡುಕುವುದು ಶ್ರಮದ ಕೆಲಸ. ಆದರೂ ಅದೇ ಸರಿ.

ಸರ್ವೆ: ಎಲ್ಲರೂ ಮಾಡುವುದು, ಕೆಲವರಷ್ಟೇ ಸರಿಯಾಗಿ ಮಾಡುವುದು

'ಎಷ್ಟು ಜನ' ಅನ್ನುವ ಪ್ರಶ್ನೆಗೆ ಸರ್ವೆಗೆ ಸಮನಾದದ್ದಿಲ್ಲ. ಆದರೆ ಅದಕ್ಕೊಂದು ಷರತ್ತಿದೆ. ಯಾರನ್ನು ಕೇಳಬೇಕು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸಿರಬೇಕು.

ಸಾಕಷ್ಟು ಪ್ರಬಂಧಗಳಲ್ಲಿ 384 ಅನ್ನುವ ಸಂಖ್ಯೆ ಬರುತ್ತದೆ. ಅದು ಆಕಾಶದಿಂದ ಬಿದ್ದದ್ದಲ್ಲ. ಶೇ 95ರ ಭರವಸೆ (ನೂರು ಸಲ ಸರ್ವೆ ಮಾಡಿದರೆ ಸುಮಾರು 95 ಸಲ ಉತ್ತರ ತಪ್ಪಿನ ಮಿತಿಯೊಳಗೇ ಇರುತ್ತದೆ ಅನ್ನುವುದು), ಆಚೀಚೆ ಶೇ 5ರ ತಪ್ಪು, ಉತ್ತರ ಅರ್ಧಕ್ಕರ್ಧ ಇರಬಹುದು ಅನ್ನುವ ಊಹೆ. ಇವಿಷ್ಟನ್ನು ಸೂತ್ರಕ್ಕೆ ಹಾಕಿದರೆ 384 ಬರುತ್ತದೆ. ಈ ಸೂತ್ರ ನಿಂತಿರುವುದು ಯಾದೃಚ್ಛಿಕ ಆಯ್ಕೆಯ ಮೇಲೆ, ಅಂದರೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶ ಇರಬೇಕು. ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಕಳಿಸಿ 384 ಉತ್ತರ ತಂದರೆ ಆ ಶೇ 5ರ ಮಾತಿಗೆ ಅರ್ಥವೇ ಇಲ್ಲ. ಮತದಾರರ ಪಟ್ಟಿಯಿಂದ ಚೀಟಿ ಎತ್ತಿ 150 ಮನೆಗೆ ಹೋದವರ ಕೆಲಸ ಅದಕ್ಕಿಂತ ಎಷ್ಟೋ ಮೇಲು. ತಪ್ಪಿನ ಅಂದಾಜು ಶೇ 8ರಷ್ಟು ಆಗುತ್ತದೆ, ಆಗಲಿ. ಅದು ಪ್ರಾಮಾಣಿಕವಾದ ಶೇ 8.

ಎರಡನೆಯ ತೊಂದರೆ ಬಾಯಿಮಾತಿನದು. ಚಿಕ್ಕಮಗಳೂರಿನಲ್ಲಿ ಯಾರನ್ನೇ ಕೇಳಿ, 'ನಮಗೆ ಚಿಕೋರಿ ಇಲ್ಲದ ಶುದ್ಧ ಕಾಫಿಯೇ ಇಷ್ಟ' ಅನ್ನಬಹುದು. ಮನೆಯ ಡಬ್ಬಿಯಲ್ಲಿ ಇರುವ ಕಾಫಿ–ಚಿಕೋರಿ 70:30 ಇರಬಹುದು, 60:40 ಇರಬಹುದು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆದಿರಬೇಕು ಅನ್ನುವುದು ನಿಯಮ. ಹಾಗಿದ್ದಮೇಲೆ ಇಷ್ಟ ಏನು ಅಂತ ಕೇಳುವ ಬದಲು ಪೊಟ್ಟಣ ತೋರಿಸಿ ಅನ್ನಿ. ಅಂಗಡಿಯವರು ಒಪ್ಪಿದರೆ ಒಂದು ತಿಂಗಳ ಬಿಲ್ ನೋಡಿ. ಸಾವಯವ, ಪರಿಸರಸ್ನೇಹಿ, ಸ್ಥಳೀಯ ಅನ್ನುವ ಯಾವ ಪ್ರಶ್ನೆಗೂ ಇದೇ ಮಾತು ಅನ್ವಯಿಸುತ್ತದೆ. ಒಳ್ಳೆಯವರಂತೆ ಕಾಣಲು ಜನ ಹೌದು ಅಂದುಬಿಡುತ್ತಾರೆ.

ನಾಯಕತ್ವದ ಸರ್ವೆಯಲ್ಲಿ ಈ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. 45 ಪ್ರಶ್ನೆಗಳ ಒಂದು ಪ್ರಸಿದ್ಧ ಪ್ರಶ್ನಾವಳಿ ಇದೆ, ನಾಯಕತ್ವದ ಹಲವು ಅಂಶಗಳನ್ನು ಅಳೆಯುವಂಥದ್ದು. ಅದಕ್ಕೆ ಹಕ್ಕುಸ್ವಾಮ್ಯ ಇದೆ, ಅನುಮತಿ ಪಡೆದೇ ಬಳಸಬೇಕು. ಅದನ್ನು ನೌಕರನ ಕೈಗೆ ಕೊಟ್ಟು ನಿಮ್ಮ ಮೇಲಧಿಕಾರಿ ಹೇಗೆ ಅಂತ ಕೇಳುತ್ತಾರೆ. ಅದೇ ಹಾಳೆಯಲ್ಲಿ ನಿಮಗೆ ಕೆಲಸದಲ್ಲಿ ತೃಪ್ತಿ ಇದೆಯಾ ಅಂತಲೂ ಕೇಳುತ್ತಾರೆ. ಅವತ್ತು ಮನಸ್ಸು ಖುಷಿಯಾಗಿದ್ದರೆ ಎರಡಕ್ಕೂ ಐದು ಅಂಕ, ಬೇಸರವಾಗಿದ್ದರೆ ಎರಡಕ್ಕೂ ಎರಡು. ಲೆಕ್ಕ ಹಾಕಿದಾಗ 'ಒಳ್ಳೆಯ ನಾಯಕತ್ವದಿಂದ ತೃಪ್ತಿ ಹೆಚ್ಚುತ್ತದೆ' ಅಂತ ಬರುತ್ತದೆ. ನಿಜವಾಗಿ ಅಳೆದದ್ದು ಅವತ್ತಿನ ಮನಸ್ಥಿತಿ. ಇದನ್ನು ತಪ್ಪಿಸುವುದು ಸುಲಭ. ನಾಯಕರ ಬಗ್ಗೆ ನೌಕರರನ್ನು ಕೇಳಿ, ಫಲಿತಾಂಶವನ್ನು ಬೇರೆ ಕಡೆಯಿಂದ ತನ್ನಿ: ಹಾಜರಿ ಪುಸ್ತಕ, ಕೆಲಸ ಬಿಟ್ಟು ಹೋದವರ ಲೆಕ್ಕ, ಹಾಲಿನ ಸಂಘವಾದರೆ ದಿನಕ್ಕೆ ಬಂದ ಹಾಲಿನ ಲೀಟರು.

ಸಂದರ್ಶನ

'ಯಾಕೆ' ಅನ್ನುವ ಪ್ರಶ್ನೆಗೆ ಐದು ಅಂಕದ ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ. ಬಿಪಿ ಮಾತ್ರೆ ಉಚಿತವಾಗಿ ಸಿಕ್ಕರೂ ಯಾಕೆ ಮಧ್ಯದಲ್ಲಿ ನಿಲ್ಲಿಸುತ್ತಾರೆ? ಅಧ್ಯಕ್ಷೆಯ ಬದಲು ಗಂಡ ಸಭೆಗೆ ಬರುವುದು ಎಲ್ಲಿ ನಡೆಯುತ್ತದೆ, ಎಲ್ಲಿ ನಿಂತಿದೆ, ಹೇಗೆ ನಿಂತಿತು? ಇದಕ್ಕೆ ಕೂತು ಮಾತಾಡಬೇಕು.

ಎಷ್ಟು ಜನರನ್ನು ಮಾತಾಡಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ 60 ಸಂದರ್ಶನಗಳನ್ನು ಕ್ರಮವಾಗಿ ವಿಶ್ಲೇಷಿಸಿತು. ಮೊದಲ 12ರಲ್ಲೇ ಹೆಚ್ಚಿನ ವಿಷಯಗಳು ಬಂದುಬಿಟ್ಟಿದ್ದವು. ಆದರೆ ಅದು ಒಂದೇ ಬಗೆಯ ಜನರ ಗುಂಪಿನ ಮಾತು. ಎಸ್ಟೇಟ್ ಕಾರ್ಮಿಕರು, ಮೇಸ್ತ್ರಿಗಳು, ರೈಟರ್‌ಗಳು (ಎಸ್ಟೇಟಿನ ಲೆಕ್ಕ ಬರೆಯುವವರು), ಮಾಲೀಕರು ಎಲ್ಲರನ್ನೂ ಸೇರಿಸಿ 12 ಅಂದರೆ ಏನೂ ಸಾಲದು. ಒಂದೊಂದು ಗುಂಪಿಗೂ ಬೇರೆಬೇರೆಯಾಗಿ ಅಷ್ಟು ಬೇಕು.

ಜಾಗವೂ ಮುಖ್ಯ. ಕಾರ್ಮಿಕರನ್ನು ಎಸ್ಟೇಟ್ ಆಫೀಸಿನಲ್ಲಿ, ರೈಟರ್ ಎದುರು ಕೂರಿಸಿ ಮಾತಾಡಿಸಿದರೆ 'ಎಲ್ಲಾ ಚೆನ್ನಾಗಿದೆ ಸಾರ್' ಅನ್ನುವ ಉತ್ತರವಷ್ಟೇ ಸಿಗುತ್ತದೆ. ಕೆಲಸ ಮುಗಿದ ಮೇಲೆ, ಅವರು ವಾಸಿಸುವ ಲೈನ್ ಮನೆಯ ಜಗಲಿಯಲ್ಲಿ, ಅವರು ಒಪ್ಪಿದರೆ ಮಾತ್ರ ಮಾತಾಡಿ. ಮಾತು ಅವರದ್ದು. ಹೆಸರಂತೂ ಬೇಡವೇ ಬೇಡ, ಗುರುತು ಸಿಗುವ ಒಂದು ಸಣ್ಣ ವಿವರವೂ ಪ್ರಬಂಧದಲ್ಲಿ ಬರಬಾರದು. ಸಣ್ಣ ಊರಿನಲ್ಲಿ 'ಆಲೂರು ತಾಲ್ಲೂಕಿನ ಎರಡು ಬಾರಿ ಗೆದ್ದ ಅಧ್ಯಕ್ಷೆ' ಅಂದರೆ ಸಾಕು, ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಸಂದರ್ಶನ ಸುಲಭ ಅಂತ ಆರಿಸಿಕೊಳ್ಳಬೇಡಿ. ಒಂದು ಗಂಟೆಯ ರೆಕಾರ್ಡಿಂಗ್ ಕೇಳಿ ಅಕ್ಷರಕ್ಕಿಳಿಸಲು ಅದರ ಹಲವು ಪಟ್ಟು ಸಮಯ ಹೋಗುತ್ತದೆ. ಅಂಕಿ ಅಂಶ ಕಷ್ಟ ಅಂತ ಈ ಕಡೆ ಬಂದವರು ಇಲ್ಲಿಯೂ ಅಷ್ಟೇ ಒದ್ದಾಡುತ್ತಾರೆ.

ಪ್ರಯೋಗ

'ಇದನ್ನು ಮಾಡಿದರೆ ಅದು ಆಗುತ್ತದಾ' ಅನ್ನುವ ಪ್ರಶ್ನೆಗೆ ಎಲ್ಲಕ್ಕಿಂತ ಗಟ್ಟಿ ಉತ್ತರ ಕೊಡುವುದು ಪ್ರಯೋಗ. ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟ, 1948ರಲ್ಲಿ ಪ್ರಕಟವಾದ ಪರೀಕ್ಷೆ ಇದಕ್ಕೆ ಮಾದರಿ. ಔಷಧ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಹಾಗಾಗಿ ಯಾರಿಗೆ ಅನ್ನುವುದನ್ನು ವೈದ್ಯರು ಆರಿಸದೆ ಮೊದಲೇ ಸಿದ್ಧಪಡಿಸಿದ, ಮುಚ್ಚಿಟ್ಟ ಕ್ರಮದಲ್ಲಿ ಹಂಚಿದರು. ಔಷಧ ಸಿಕ್ಕ 55 ಜನರಲ್ಲಿ ಆರು ತಿಂಗಳಲ್ಲಿ ತೀರಿಕೊಂಡವರು 4. ಬರೀ ವಿಶ್ರಾಂತಿ ಪಡೆದ 52 ಜನರಲ್ಲಿ 14.

ಚೀಟಿ ಎತ್ತದೆ ಹೋಲಿಸಿದರೆ ಏನಾಗುತ್ತದೆ? ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಂಡ ಹೆಂಗಸರಲ್ಲಿ ಹೃದ್ರೋಗ ಕಡಿಮೆ ಅಂತ ವರ್ಷಗಟ್ಟಲೆ ನಂಬಿದ್ದರು. ಗಮನಿಸಿ ಬರೆದ ದೊಡ್ಡ ಅಧ್ಯಯನಗಳೇ ಹಾಗೆ ಹೇಳಿದ್ದವು. 2002ರಲ್ಲಿ ಅಮೆರಿಕದಲ್ಲಿ 16,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಮಾತ್ರೆಯಿಂದ ಹೃದಯಕ್ಕೆ ರಕ್ಷಣೆ ಸಿಗಲಿಲ್ಲ, ಅಪಾಯವೇ ಹೆಚ್ಚಿತ್ತು. ಹಿಂದೆ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಮೊದಲೇ ಅನುಕೂಲಸ್ಥರು, ಆರೋಗ್ಯದ ಕಾಳಜಿ ಇದ್ದವರು ಅನ್ನುವುದು ಒಂದು ಮುಖ್ಯ ಕಾರಣ. ಯೋಗ ಮಾಡುವವರನ್ನು ಮಾಡದವರ ಜೊತೆ ಹೋಲಿಸುವ ಪ್ರಬಂಧಗಳು ಇದೇ ಹಳ್ಳಕ್ಕೆ ಬೀಳುತ್ತವೆ.

ಎಂಬಿಎಯವರು ಪ್ರಯೋಗ ಅಂದರೆ ಹೆದರುತ್ತಾರೆ. ಹೆದರಬೇಕಿಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ 1925ರಿಂದ ಪ್ರಯೋಗ ನಡೆಯುತ್ತಿದೆ, ಈ ಜಿಲ್ಲೆಗೆ ಅದು ಹೊಸದಲ್ಲ. ಒಂದು ಪುಡಿ ಅಂಗಡಿಯವರನ್ನು ಒಪ್ಪಿಸಿ. ಎದುರಿಗಿಟ್ಟ ಪೊಟ್ಟಣದ ಅಳತೆ ಬದಲಾದರೆ ಮಾರಾಟ ಬದಲಾಗುತ್ತದಾ ಅಂತ ನೋಡಲು 28 ದಿನ ಸಾಕು. 14 ದಿನ ಕಾಲು ಕಿಲೋ ಪೊಟ್ಟಣ ಎದುರಿಗಿರಲಿ, 14 ದಿನ ಅರ್ಧ ಕಿಲೋ ಇರಲಿ. ಯಾವ ದಿನ ಯಾವುದು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬಂದ ಪ್ರವಾಸಿಗರು ಅಂಗಡಿ ತುಂಬುತ್ತಾರೆ. ಆದ್ದರಿಂದ ವಾರಾಂತ್ಯಕ್ಕೆ ಬೇರೆ, ವಾರದ ದಿನಗಳಿಗೆ ಬೇರೆ ಚೀಟಿ ಎತ್ತಿ. ಲೆಕ್ಕ ಹಾಕುವಾಗ ನಿಮ್ಮ ಹತ್ತಿರ ಇರುವುದು 28 ದಿನಗಳ ಮಾಹಿತಿ ಅನ್ನುವುದು ನೆನಪಿರಲಿ. ಸಾವಿರ ಗಿರಾಕಿ ಬಂದರು ಅಂತ ಸಾವಿರ ಅಂತ ಬರೆಯಬೇಡಿ.

ಒಂದು ಪ್ರಯೋಗವನ್ನೇ ನಂಬಿ ಕೂರುವುದೂ ಸರಿಯಲ್ಲ. 2000ದಲ್ಲಿ ಪ್ರಕಟವಾದ ಜ್ಯಾಮ್ ಪ್ರಯೋಗವನ್ನು ಮಾರ್ಕೆಟಿಂಗ್ ಓದಿದವರು ಕೇಳಿರುತ್ತಾರೆ. 24 ಬಗೆ ಇಟ್ಟಾಗ ನಿಂತು ನೋಡಿದವರಲ್ಲಿ ಕೊಂಡವರು ಶೇ 3, ಆರು ಬಗೆ ಇಟ್ಟಾಗ ಶೇ 30. ಆಯ್ಕೆ ಜಾಸ್ತಿಯಾದರೆ ಜನ ಕೊಳ್ಳುವುದಿಲ್ಲ ಅಂತ ಪಾಠ ಹೇಳುತ್ತಾರೆ. ಆದರೆ 2010ರಲ್ಲಿ ಅಂಥ 50 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಬಂತು. ನಿಮ್ಮ ಪ್ರಬಂಧದಲ್ಲಿ ಮೊದಲನೆಯದನ್ನು ಉಲ್ಲೇಖಿಸಿದರೆ ಎರಡನೆಯದನ್ನೂ ಬರೆಯಿರಿ. ಅಂಥದ್ದೇ ಪ್ರಯೋಗವನ್ನು ನಮ್ಮೂರ ಅಂಗಡಿಯಲ್ಲಿ ಮತ್ತೆ ಮಾಡಿ ನೋಡುವುದು ಖಂಡಿತ ಒಳ್ಳೆಯ ಪ್ರಾಜೆಕ್ಟ್.

ನಾಯಕತ್ವದಲ್ಲಿ ನೀವಾಗಿಯೇ ಯಾರನ್ನೂ ಅಧ್ಯಕ್ಷರನ್ನಾಗಿ ಮಾಡಲು ಆಗುವುದಿಲ್ಲ. ಆದರೆ ಕಾನೂನೇ ಕೆಲವೊಮ್ಮೆ ಚೀಟಿ ಎತ್ತಿಬಿಟ್ಟಿರುತ್ತದೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಬಳಸಿಕೊಂಡಿತು. ಪಶ್ಚಿಮ ಬಂಗಾಳ, ರಾಜಸ್ಥಾನದಲ್ಲಿ ಮಹಿಳಾ ಮೀಸಲಾತಿ ಬಿದ್ದ ಪಂಚಾಯಿತಿಗಳನ್ನು ಬೀಳದವುಗಳ ಜೊತೆ ಹೋಲಿಸಿದರು. ಮೀಸಲು ಹಂಚಿಕೆ ಯಾದೃಚ್ಛಿಕವಾಗಿತ್ತು. ಹೆಂಗಸರು ಹೆಚ್ಚು ದೂರು ಕೊಡುತ್ತಿದ್ದ ವಿಷಯಗಳಿಗೆ, ಮುಖ್ಯವಾಗಿ ಕುಡಿಯುವ ನೀರಿಗೆ, ಅಧ್ಯಕ್ಷೆಯರಿದ್ದ ಕಡೆ ಹೆಚ್ಚು ಕೆಲಸ ಆಗಿತ್ತು. ನಾನು ಈ ಅಧ್ಯಯನವನ್ನು ಮೆಚ್ಚುವುದು ಇನ್ನೊಂದು ಕಾರಣಕ್ಕೆ. 'ನಿಮ್ಮ ಅಧ್ಯಕ್ಷೆ ಒಳ್ಳೆಯವರಾ' ಅಂತ ಕೇಳಿ ಅಷ್ಟಕ್ಕೇ ಬಿಡಲಿಲ್ಲ. ಊರಿನಲ್ಲಿ ನೀರಿನ ವ್ಯವಸ್ಥೆ ಏನಾಗಿದೆ, ರಸ್ತೆ ಹೇಗಿದೆ ಅಂತ ಹೋಗಿ ನೋಡಿದರು. ಕರ್ನಾಟಕದಲ್ಲಿ ಮಹಿಳೆಯರಿಗೆ ಅರ್ಧದಷ್ಟು ಮೀಸಲಾತಿ ಇದೆ. ಇಲ್ಲಿ ಇದನ್ನು ಮಾಡುವವರು ಮೀಸಲು ಹೇಗೆ ಹಂಚಿಕೆಯಾಯಿತು ಅನ್ನುವ ಆದೇಶವನ್ನು ಮೊದಲು ಓದಬೇಕು. ಅದು ಯಾದೃಚ್ಛಿಕ ಅಲ್ಲದಿದ್ದರೆ ಹೋಲಿಕೆಯ ಬಲ ಕುಗ್ಗುತ್ತದೆ.

ಯಾರಿಗೆ ಯಾವುದು

ಎಂ.ಡಿ. ವಿದ್ಯಾರ್ಥಿಗೆ ವಾರ್ಡ್ ಡ್ಯೂಟಿ ಮಧ್ಯೆ ಸಿಗುವ ಸಮಯ ಕಡಿಮೆ. ಕೇಸ್ ಶೀಟ್ ಪೂರ್ತಿ ತುಂಬಿರುವ ವಿಭಾಗವಾದರೆ ದಾಖಲೆಯ ಅಧ್ಯಯನ ಒಳ್ಳೆಯದು. ನಿರ್ಧರಿಸುವ ಮೊದಲು 20 ಫೈಲ್ ತೆಗೆದು ನೋಡಿ. ನಿಮಗೆ ಬೇಕಾದ ಅಂಶ ಅರ್ಧದಲ್ಲಿ ಇಲ್ಲದಿದ್ದರೆ ಬಿಟ್ಟುಬಿಡಿ, ಮುಂದಿನ ರೋಗಿಗಳನ್ನು ನೋಡುತ್ತಾ ಬರೆಯುವ ಅಧ್ಯಯನ ಮಾಡಿ. ಔಷಧ ಅಥವಾ ಚಿಕಿತ್ಸೆಯ ಪ್ರಯೋಗವಾದರೆ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಬೇಕು. ಮೊದಲ ರೋಗಿಯನ್ನು ಸೇರಿಸುವ ಮೊದಲೇ ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯಲ್ಲಿ ನೋಂದಣಿ ಆಗಿರಬೇಕು. ರೋಗಿಗಳನ್ನು ಸೇರಿಸಿದ ಮೇಲೆ ನೋಂದಾಯಿಸುವ ಅವಕಾಶ 2018ರ ಏಪ್ರಿಲ್‌ನಿಂದ ಇಲ್ಲ.

ಎಂಬಿಎ, ಎಂ.ಕಾಂ.ನವರಿಗೆ ನನ್ನ ಶಿಫಾರಸು ಬಿಲ್ ಲೆಕ್ಕ ಇಲ್ಲವೇ ಅಂಗಡಿಯ ಸಣ್ಣ ಪ್ರಯೋಗ. ಸರ್ವೆಯನ್ನೇ ಮಾಡಬೇಕು ಅಂತ ಗೈಡ್ ಹೇಳಿದರೆ ಜನರ ಪಟ್ಟಿ ಎಲ್ಲಿ ಸಿಗುತ್ತದೆ ಅಂತ ಮೊದಲು ಹುಡುಕಿ. ಸಮಾಜಕಾರ್ಯ, ಸಾರ್ವಜನಿಕ ಆಡಳಿತದವರು ಸಂದರ್ಶನವನ್ನು ದಾಖಲೆಯ ಜೊತೆ ಸೇರಿಸಿ. ಅಧ್ಯಕ್ಷೆ ಹೇಳಿದ್ದು ಒಂದು ಕಡೆ ಇರಲಿ, ನಡಾವಳಿಯಲ್ಲಿ ಇರುವುದು ಇನ್ನೊಂದು ಕಡೆ ಇರಲಿ. ಎರಡೂ ಹೊಂದದಿರುವ ಜಾಗದಲ್ಲೇ ನಿಮ್ಮ ಪ್ರಬಂಧದ ಒಳ್ಳೆಯ ಅಧ್ಯಾಯ ಸಿಗುತ್ತದೆ.

ಅಂಕಿ ಅಂಶ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ. ಜಾಮೊವಿ, ಆರ್ ಎರಡೂ ಉಚಿತ. ಮೂಡಿಗೆರೆ, ಕಳಸದ ಕಡೆ ಸಿಗ್ನಲ್ ಸಿಗದ ಊರುಗಳಿಗೆ ಹೋಗುವವರು ಮಾಹಿತಿ ಸಂಗ್ರಹಿಸುವ ಕೋಬೊ ಟೂಲ್‌ಬಾಕ್ಸ್ ಬಳಸಿ. ನೆಟ್ ಇಲ್ಲದೆಯೂ ಫೋನಿನಲ್ಲೇ ಬರೆದುಕೊಳ್ಳಬಹುದು.

ಗೈಡ್ ಹತ್ತಿರ ಹೋಗುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪ್ರಬಂಧದ ಮುಖ್ಯ ಟೇಬಲನ್ನು ಖಾಲಿಯಾಗಿ ಬರೆಯಿರಿ. ಸಾಲುಗಳಲ್ಲಿ ಯಾರು, ಕಾಲಂಗಳಲ್ಲಿ ಏನು, ಯಾವುದನ್ನು ಯಾವುದಕ್ಕೆ ಹೋಲಿಸುತ್ತೀರಿ, ಎಲ್ಲ ಇರಲಿ. ಅಂಕಿಗಳ ಜಾಗ ಮಾತ್ರ ಖಾಲಿ. ಆ ಟೇಬಲ್ ತುಂಬಿದರೆ ನಿಮ್ಮ ಒಂದು ಸಾಲಿನ ಪ್ರಶ್ನೆಗೆ ಉತ್ತರ ಸಿಗುತ್ತದಾ ಅಂತ ನೋಡಿ. ಸಿಗುವುದಿಲ್ಲ ಅನ್ನಿಸಿದರೆ ಫಾರ್ಮ್ ಪ್ರಿಂಟ್ ಮಾಡಿಸಲು ಇನ್ನೂ ಹೋಗಬೇಡಿ. ಆ ಖಾಲಿ ಟೇಬಲ್ ಹಿಡಿದುಕೊಂಡೇ ಗೈಡ್ ಹತ್ತಿರ ಕೂತು ಮಾತಾಡಿ.